ಪೇಪರಿನಲ್ಲಿ ಎಲ್ಲರೂ ‘ಯೋಧ’, ಸೇನೆಯಲ್ಲಿ ಯಾರು ಯಾರು?

[ಪರದೆ ಮೇಲೆ: ಹಿಮದ ಹಿನ್ನೆಲೆ, ಹತ್ತು ಸಾಲುಗಳ ಪಟ್ಟಿ. ಹೆಸರುಗಳಿಲ್ಲ, ರ‍್ಯಾಂಕ್ ಮಾತ್ರ.]

2016ರ ಫೆಬ್ರವರಿ 3. ಸಿಯಾಚಿನ್‌ನ ಸೋನಮ್ ಪೋಸ್ಟ್. ಸುಮಾರು 19,600 ಅಡಿ ಎತ್ತರ. ಹಿಮ ಕುಸಿದು ಅಲ್ಲಿದ್ದ ಹತ್ತು ಜನ ಅದರಡಿ ಸಿಕ್ಕಿಕೊಂಡರು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಕಾಯುತ್ತಿದ್ದ ಪೋಸ್ಟ್ ಅದು. ಹತ್ತರಲ್ಲಿ ಮೂವರು ನಮ್ಮ ಕರ್ನಾಟಕದವರು. ಆರು ದಿನದ ನಂತರ ಜೀವಂತವಾಗಿ ಸಿಕ್ಕಿ, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಹನುಮಂತಪ್ಪ ಕೊಪ್ಪದ್ ಯಾರಿಗೂ ಮರೆತಿರಲಿಕ್ಕಿಲ್ಲ. ಧಾರವಾಡ ಜಿಲ್ಲೆಯ ಬೆಟದೂರಿನವರು.

ನಮ್ಮ ಸುದ್ದಿಗಳಲ್ಲಿ ಹತ್ತೂ ಜನಕ್ಕೆ ಒಂದೇ ಹೆಸರು. ಯೋಧರು. ಗೌರವದ ಮಾತು, ತಪ್ಪೇನಿಲ್ಲ. ಆದರೆ ಸೇನೆ ಕೊಟ್ಟ ಪಟ್ಟಿ ನೋಡಿ. ಒಬ್ಬ ಸುಬೇದಾರ್. ಇಬ್ಬರು ಲ್ಯಾನ್ಸ್ ಹವಾಲ್ದಾರ್. ಇಬ್ಬರು ಲ್ಯಾನ್ಸ್ ನಾಯಕ್. ನಾಲ್ವರು ಸಿಪಾಯಿ. ಒಬ್ಬ ಸಿಪಾಯಿ ನರ್ಸಿಂಗ್ ಅಸಿಸ್ಟೆಂಟ್. ಒಂದು ಚಿಕ್ಕ ಪೋಸ್ಟ್ ಹೇಗೆ ನಡೆಯುತ್ತದೆ ಅನ್ನುವುದೆಲ್ಲ ಈ ಪಟ್ಟಿಯಲ್ಲೇ ಇದೆ. ಇವತ್ತು ಇದನ್ನೇ ಕೆಳಗಿನಿಂದ ಮೇಲಕ್ಕೆ ಓದೋಣ.

[ಪರದೆ ಮೇಲೆ: ‘ಸಿಪಾಯಿ’ ಸಾಲಿಗೆ ಬೆಳಕು.]

ಸಿಪಾಯಿ ಅಂದರೆ ಸೇನೆಯ ಮೊದಲ ಮೆಟ್ಟಿಲು. ತೋಳಿನ ಮೇಲೆ ಯಾವ ಪಟ್ಟಿಯೂ ಇರುವುದಿಲ್ಲ. ತಮಾಷೆ ಏನೆಂದರೆ, ಎಲ್ಲ ಕಡೆಯೂ ಇವರಿಗೆ ಸಿಪಾಯಿ ಅನ್ನುವುದಿಲ್ಲ. ಮದ್ರಾಸ್ ರೆಜಿಮೆಂಟಿನಲ್ಲಿ, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸಿಪಾಯಿ. ಫಿರಂಗಿ ದಳಕ್ಕೆ ಹೋದರೆ ಗನ್ನರ್. ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮನ್. ವಾಹನ, ಆಯುಧ ರಿಪೇರಿ ಮಾಡುವ ಇ.ಎಂ.ಇ.ಯಲ್ಲಿ ಕ್ರಾಫ್ಟ್ಸ್‌ಮನ್. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆಯಲ್ಲ, ಅಲ್ಲಿ ಸ್ಯಾಪರ್. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬ್ ತೆಗೆಯುವುದು ಸ್ಯಾಪರ್ ಕೆಲಸ. ಈ ಗ್ರೂಪಿನೊಳಗೆ ಸ್ಯಾಪರ್‌ಗಳಿಗೆ ಪ್ರೀತಿಯ ಹೆಸರು ‘ತಂಬಿ’.

ಇದು ಗೊತ್ತಿಲ್ಲದಿದ್ದರೆ ಕಾರ್ಗಿಲ್ ಯುದ್ಧದ ಪರಮವೀರ ಚಕ್ರದ ಪಟ್ಟಿಯೇ ಅರ್ಥವಾಗುವುದಿಲ್ಲ. ಅದರಲ್ಲಿ ನಾಲ್ಕು ಹೆಸರು. ಕ್ಯಾಪ್ಟನ್ ವಿಕ್ರಂ ಬಾತ್ರಾ, ಲೆಫ್ಟಿನೆಂಟ್ ಮನೋಜ್ ಕುಮಾರ್ ಪಾಂಡೆ. ಇವರಿಬ್ಬರು ಅಧಿಕಾರಿಗಳು. ಇನ್ನಿಬ್ಬರು ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್, ರೈಫಲ್‌ಮನ್ ಸಂಜಯ್ ಕುಮಾರ್. ಗ್ರೆನೇಡಿಯರ್ ಅಂದರೆ ಗ್ರೆನೇಡ್ ಎಸೆಯುವ ಸ್ಪೆಷಲಿಸ್ಟ್, ರೈಫಲ್‌ಮನ್ ಅಂದರೆ ರೈಫಲ್ ಹಿಡಿದವನು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅಲ್ಲ. ಇಬ್ಬರೂ ಆಗ ಮೊದಲ ಮೆಟ್ಟಿಲಲ್ಲಿದ್ದ ಜವಾನರು. ಒಬ್ಬರು ಗ್ರೆನೇಡಿಯರ್ಸ್ ರೆಜಿಮೆಂಟ್, ಇನ್ನೊಬ್ಬರು ಜಮ್ಮು ಕಾಶ್ಮೀರ ರೈಫಲ್ಸ್. ಟೈಗರ್ ಹಿಲ್ ಹತ್ತಿದಾಗ ಯಾದವ್ ವಯಸ್ಸು ಬರೀ 19.

ಟ್ಯಾಂಕ್ ದಳದಲ್ಲಿ ಮೊದಲ ಮೆಟ್ಟಿಲಿನವರು ಸವಾರ್. ಕುದುರೆಗಳಿದ್ದ ಕಾಲದ ಹೆಸರು, ಕುದುರೆ ಹೋಗಿ ಟ್ಯಾಂಕ್ ಬಂದರೂ ಉಳಿದುಕೊಂಡಿದೆ. ಅಲ್ಲಿ ನಾಯಕ್, ಹವಾಲ್ದಾರ್ ಇಲ್ಲ. ಲ್ಯಾನ್ಸ್ ದಫೇದಾರ್, ದಫೇದಾರ್. ಸುಬೇದಾರ್ ಬದಲು ರಿಸಾಲ್ದಾರ್. ಹೌದು, ನಮ್ಮ ಡಿಸಿ ಆಫೀಸಿನ ಬಾಗಿಲಲ್ಲಿ ನಿಲ್ಲುವ ದಫೇದಾರ್ ಕೂಡ ಅದೇ ಹೆಸರಿನವರು!

ಕುದುರೆ ಮೇಲಿನ ಸವಾರರು ಈಗಲೂ ಇದ್ದಾರೆ. ಜೈಪುರದ 61ನೇ ಕ್ಯಾವಲ್ರಿ. ಸಂಸ್ಥಾನಗಳ ಕುದುರೆ ದಳಗಳನ್ನು ಸೇರಿಸಿ 1953ರಲ್ಲಿ ಕಟ್ಟಿದ್ದು. ಅದರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಸೇರಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲ್‌ನಲ್ಲಿರುವ ಹೈಫಾ ಊರನ್ನು ಗೆದ್ದ ದಳ ಇದೇ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಇವರ ಸ್ಮಾರಕ ಇದೆ. ಆ ಕಡೆ ಹೋದರೆ ಐದು ನಿಮಿಷ ನಿಂತು ನೋಡಿ.

[ಪರದೆ ಮೇಲೆ: ‘ನರ್ಸಿಂಗ್ ಅಸಿಸ್ಟೆಂಟ್’ ಸಾಲಿಗೆ ಬೆಳಕು.]

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ರ‍್ಯಾಂಕ್ ಬೇರೆ, ಟ್ರೇಡ್ ಬೇರೆ. ಸಿಪಾಯಿ ಅನ್ನುವುದು ರ‍್ಯಾಂಕ್. ನರ್ಸಿಂಗ್ ಅಸಿಸ್ಟೆಂಟ್ ಅನ್ನುವುದು ಟ್ರೇಡ್, ಅಂದರೆ ಮಾಡುವ ಕೆಲಸ. ಅಷ್ಟು ಎತ್ತರದ ಪೋಸ್ಟ್‌ಗೆ ಡಾಕ್ಟರ್ ದಿನವೂ ಬರಲು ಆಗುವುದಿಲ್ಲ. ಉಸಿರಾಟದ ತೊಂದರೆ, ಹಿಮದಿಂದ ಬೆರಳು ಸತ್ತುಹೋಗುವುದು, ಮೊದಲು ನೋಡಿಕೊಳ್ಳುವವರು ಇವರೇ. ಭರ್ತಿ ರ‍್ಯಾಲಿಗೆ ಹೋದ ಹುಡುಗರನ್ನು ಕೇಳಿ, ‘ಜಿ.ಡಿ.ನಾ, ಟ್ರೇಡ್ಸ್‌ಮನ್ನಾ, ಕ್ಲರ್ಕಾ?’ ಅಂತಲೇ ಮಾತು ಶುರು. ಜಿ.ಡಿ. ಅಂದರೆ ಜನರಲ್ ಡ್ಯೂಟಿ, ಬಂದೂಕು ಹಿಡಿದು ಕಾಯುವ, ಹೋರಾಡುವ ಕೆಲಸ. ಟ್ರೇಡ್ಸ್‌ಮನ್ ಅಂದರೆ ಅಡುಗೆಯವರು, ಟೈಲರ್, ಕ್ಷೌರಿಕ, ಹೀಗೆ. ಊರಲ್ಲಿ ‘ಅವನು ಮಿಲ್ಟ್ರೀಲಿ ಅಡುಗೆ ಮಾಡ್ತಾನಂತೆ’ ಅಂತ ನಗುವವರಿದ್ದಾರೆ. ನನಗೆ ಅದು ಸ್ವಲ್ಪವೂ ಇಷ್ಟವಾಗುವುದಿಲ್ಲ. ಅಡುಗೆಯವರೂ ಬಂದೂಕಿನ ತರಬೇತಿ ಪಡೆದ ಸೈನಿಕರೇ.

2022ರಿಂದ ಈ ಮೆಟ್ಟಿಲಿಗೆ ಇನ್ನೊಂದು ಹೆಸರು ಸೇರಿದೆ, ಅಗ್ನಿವೀರ್. ನಾಲ್ಕು ವರ್ಷದ ಸೇವೆ. ಅವಧಿ ಮುಗಿದ ಮೇಲೆ ಹೆಚ್ಚೆಂದರೆ ಶೇ. 25ರಷ್ಟು ಜನಕ್ಕೆ ಮುಂದುವರಿಯುವ ಅವಕಾಶ. ಸರಿಯೋ ತಪ್ಪೋ ಅನ್ನುವುದು ಬೇರೆ ವಿಡಿಯೋದ ಮಾತು.

[ಪರದೆ ಮೇಲೆ: ತೋಳಿನ ಚಿತ್ರ. ಒಂದು, ಎರಡು, ಮೂರು ಪಟ್ಟಿ.]

ಒಂದು ಪಟ್ಟಿ ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಾಲ್ದಾರ್. ಹತ್ತರ ಆಸುಪಾಸು ಜನರ ಗುಂಪಿಗೆ ಸೆಕ್ಷನ್ ಅನ್ನುತ್ತಾರೆ. ಅದನ್ನು ನಡೆಸುವವರು ಹವಾಲ್ದಾರ್. ಗುಂಡು ಹಾರುವಾಗ ಸಿಪಾಯಿಯ ಕಿವಿಗೆ ಬೀಳುವ ದನಿ ಜನರಲ್‌ದಲ್ಲ, ಇವರದು.

ಹವಾಲ್ದಾರ್‌ಗಳಿಗೆ ಬೇರೆ ಜವಾಬ್ದಾರಿಗಳೂ ಇರುತ್ತವೆ. ಕಂಪನಿಯ ಶಿಸ್ತು, ಪರೇಡ್ ನೋಡಿಕೊಂಡರೆ ಕಂಪನಿ ಹವಾಲ್ದಾರ್ ಮೇಜರ್. ರೇಷನ್, ಬಟ್ಟೆ, ಸಾಮಾನಿನ ಲೆಕ್ಕ ನೋಡಿಕೊಂಡರೆ ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್. ಸ್ಟೋರ್ ಕೆಲಸ ತಾನೇ ಅಂತ ಅನಿಸಬಹುದು. 1965ರಲ್ಲಿ ಖೇಮಕರಣ್ ಬಳಿ ಜೀಪಿನ ಮೇಲಿನ ಗನ್‌ನಿಂದ ಪಾಕಿಸ್ತಾನದ ಟ್ಯಾಂಕ್‌ಗಳನ್ನು ಒಂದರ ಹಿಂದೆ ಒಂದು ಹೊಡೆದು, ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಆ ಹೊತ್ತಿಗೆ ಇದೇ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್. ಅದಕ್ಕೆ ಮೊದಲು ಟ್ಯಾಂಕ್ ಹೊಡೆಯುವ ಸೆಕ್ಷನ್‌ನಲ್ಲಿ ವರ್ಷಗಟ್ಟಲೆ ಪಳಗಿದ್ದವರು.

[ಪರದೆ ಮೇಲೆ: ‘ಸುಬೇದಾರ್’ ಸಾಲಿಗೆ ಬೆಳಕು.]

ಈಗ ಪಟ್ಟಿಯ ಮೇಲಿನ ಹೆಸರು. ಸುಬೇದಾರ್ ಟಿ.ಟಿ. ನಾಗೇಶ್, ಹಾಸನ ಜಿಲ್ಲೆಯವರು. ಆ ಪಟ್ಟಿಯಲ್ಲಿ ಲೆಫ್ಟಿನೆಂಟ್ ಇಲ್ಲ, ಕ್ಯಾಪ್ಟನ್ ಇಲ್ಲ. ಹತ್ತರಲ್ಲಿ ಹಿರಿಯರು ಇವರೇ.

ನಮಗೆ ಅತಿ ಕಡಿಮೆ ಗೊತ್ತಿರುವ ಪದರ ಇದು. ಹೆಸರು ಜೆ.ಸಿ.ಓ., ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್. ಮೂರು ರ‍್ಯಾಂಕ್. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಸಿಪಾಯಿಯಾಗಿ ಸೇರಿ, ಹವಾಲ್ದಾರ್ ಆಗಿ, ಹತ್ತಾರು ವರ್ಷ ಸವೆಸಿ ಬರುವ ಜಾಗ. ಪ್ಲಟೂನ್, ಅಂದರೆ ಮೂರು ಸೆಕ್ಷನ್ ಸೇರಿದ ಮೂವತ್ತು ಚಿಲ್ಲರೆ ಜನ, ಸಾಮಾನ್ಯವಾಗಿ ಇವರ ಕೈಯಲ್ಲಿ.

ಇದು ಬ್ರಿಟಿಷರ ಕಾಲದಿಂದ ಬಂದ ಏರ್ಪಾಟು. ಮೇಲಿನ ಅಧಿಕಾರಿಗಳು ಬಿಳಿಯರು, ಕೆಳಗೆ ಭಾರತೀಯ ಸಿಪಾಯಿಗಳು. ನಡುವೆ ಎರಡೂ ಕಡೆ ಮಾತಾಡಬಲ್ಲ ಹಿರಿಯ ಭಾರತೀಯರು ಬೇಕಿತ್ತು. ಆಗ ಅವರಿಗೆ ವೈಸ್‌ರಾಯ್ಸ್ ಕಮಿಷನ್ಡ್ ಆಫೀಸರ್ ಅನ್ನುತ್ತಿದ್ದರು. ಎಷ್ಟೇ ಹಿರಿಯ ಸುಬೇದಾರ್ ಆದರೂ ಬ್ರಿಟಿಷ್ ಸಿಪಾಯಿಗೆ ಆಜ್ಞೆ ಮಾಡುವ ಹಾಗಿರಲಿಲ್ಲ. ಅವಮಾನದ ಏರ್ಪಾಟೇ ಸರಿ. ಬ್ರಿಟಿಷರು ಹೋದರು, 1949ರ ಜನವರಿ 15ಕ್ಕೆ ಕೊಡಗಿನ ಕಾರ್ಯಪ್ಪ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಆದರೂ ಈ ಪದರವನ್ನು ತೆಗೆಯಲಿಲ್ಲ, ಹೆಸರು ಬದಲಾಯಿಸಿ ಉಳಿಸಿಕೊಂಡರು. ಪಾಕಿಸ್ತಾನದಲ್ಲೂ ಉಳಿದಿದೆ.

ಯಾಕೆ ಉಳಿಯಿತು? ನನಗೆ ಅನಿಸುವುದು ಇಷ್ಟು. ಅಧಿಕಾರಿಗಳು ಎರಡು ಮೂರು ವರ್ಷಕ್ಕೆ ಬೇರೆ ಬೇರೆ ಪೋಸ್ಟಿಂಗ್ ಅಂತ ಹೋಗಿ ಬರುತ್ತಾರೆ. ಸುಬೇದಾರ್ ತನ್ನ ಸೇವೆಯ ಬಹುಪಾಲನ್ನು ಅದೇ ಬೆಟಾಲಿಯನ್‌ನಲ್ಲಿ ಕಳೆದಿರುತ್ತಾರೆ. ಯಾವ ಹುಡುಗನ ಮನೆಯಲ್ಲಿ ಜಮೀನಿನ ಜಗಳ, ಯಾರಿಗೆ ರಜೆ ತುರ್ತು, ಯಾರು ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ಇದೆಲ್ಲ ಗೊತ್ತಿರುವುದು ಅವರಿಗೆ. ಅಕಾಡೆಮಿಯಿಂದ ಈಗಷ್ಟೇ ಬಂದ ಲೆಫ್ಟಿನೆಂಟ್ ರ‍್ಯಾಂಕಿನಲ್ಲಿ ಮೇಲಿನವರು. ಆದರೂ ಸುಬೇದಾರ್‌ರನ್ನು ಕರೆಯುವುದು ‘ಸಾಬ್’ ಅಂತಲೇ. ಇಡೀ ಬೆಟಾಲಿಯನ್‌ಗೆ ಒಬ್ಬರೇ ಸುಬೇದಾರ್ ಮೇಜರ್. ಜವಾನರ ವಿಷಯದಲ್ಲಿ ಕಮಾಂಡಿಂಗ್ ಆಫೀಸರ್ ಮೊದಲು ಕೇಳುವುದು ಅವರನ್ನೇ.

ಗುರುತು ಹಿಡಿಯುವುದು ಸುಲಭ. ಸುಬೇದಾರ್ ಭುಜದ ಮೇಲೂ ಎರಡು ನಕ್ಷತ್ರ, ಲೆಫ್ಟಿನೆಂಟ್ ಭುಜದ ಮೇಲೂ ಎರಡು. ಸುಬೇದಾರ್‌ಗೆ ಅದರ ಜೊತೆ ಒಂದು ಬಣ್ಣದ ಪಟ್ಟಿ ಇರುತ್ತದೆ. ನಮ್ಮ ಸ್ಟೇಷನ್ ಪಿಎಸ್‌ಐ ಭುಜದ ಪಟ್ಟಿ ನೋಡಿದ್ದೀರಲ್ಲ, ಅದೇ ತರಹ.

[ಪರದೆ ಮೇಲೆ: ಅಧಿಕಾರಿಗಳ ಭುಜದ ಗುರುತುಗಳು, ಬೇಗ ಬೇಗ.]

ಅಧಿಕಾರಿಗಳ ಹೆಸರು ಸಿನಿಮಾಗಳಿಂದ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್, ಲೆಫ್ಟಿನೆಂಟ್ ಕರ್ನಲ್, ಕರ್ನಲ್, ಬ್ರಿಗೇಡಿಯರ್, ಮೇಜರ್ ಜನರಲ್, ಲೆಫ್ಟಿನೆಂಟ್ ಜನರಲ್, ಜನರಲ್. ಸುಮಾರು 800 ಜನರ ಬೆಟಾಲಿಯನ್ ನಡೆಸುವವರು ಕರ್ನಲ್. ಫೀಲ್ಡ್ ಮಾರ್ಷಲ್ ಆದವರು ಇಬ್ಬರೇ. 1973ರಲ್ಲಿ ಮಾಣೆಕ್ ಶಾ, 1986ರಲ್ಲಿ ಕಾರ್ಯಪ್ಪ.

ಒಂದು ಗೊಂದಲ ಮಾತ್ರ ಎಲ್ಲರಿಗೂ ಇರುತ್ತದೆ. ಲೆಫ್ಟಿನೆಂಟ್‌ಗಿಂತ ಮೇಜರ್ ದೊಡ್ಡವರು. ಹಾಗಿದ್ದರೆ ಮೇಜರ್ ಜನರಲ್‌ಗಿಂತ ಲೆಫ್ಟಿನೆಂಟ್ ಜನರಲ್ ಹೇಗೆ ದೊಡ್ಡವರಾದರು? ಹಳೇ ಇಂಗ್ಲೆಂಡಿನಲ್ಲಿ ಮೇಜರ್ ಜನರಲ್ ಅವರ ಪೂರ್ತಿ ಹೆಸರು ಸಾರ್ಜೆಂಟ್ ಮೇಜರ್ ಜನರಲ್. ಸಾರ್ಜೆಂಟ್ ಬಿದ್ದುಹೋಯಿತು, ಗೊಂದಲ ಉಳಿಯಿತು.

ಇನ್ನೊಂದು. ಸಿ.ಆರ್.ಪಿ.ಎಫ್., ಬಿ.ಎಸ್.ಎಫ್. ಸೇನೆಯ ಭಾಗವಲ್ಲ. ಅವು ಗೃಹ ಸಚಿವಾಲಯದ ಪಡೆಗಳು. ಅಲ್ಲಿ ಸಿಪಾಯಿ ಇಲ್ಲ, ಕಾನ್‌ಸ್ಟೇಬಲ್. ಹವಾಲ್ದಾರ್ ಜಾಗದಲ್ಲಿ ಹೆಡ್ ಕಾನ್‌ಸ್ಟೇಬಲ್. ಪುಲ್ವಾಮಾದಲ್ಲಿ 2019ರಲ್ಲಿ ನಾವು ಕಳೆದುಕೊಂಡವರು ಸಿ.ಆರ್.ಪಿ.ಎಫ್.ನವರು.

ನೌಕಾಪಡೆಯನ್ನು ಇವತ್ತು ಮುಟ್ಟಿಲ್ಲ, ಅದಕ್ಕೆ ಬೇರೆ ವಿಡಿಯೋ ಮಾಡುತ್ತೇನೆ. ಅಲ್ಲಿಯವರೆಗೆ ಒಂದು ನೆನಪಿಟ್ಟುಕೊಳ್ಳಿ. ಕಾರವಾರದ ನೌಕಾನೆಲೆಯಲ್ಲಿ ಯಾರಾದರೂ ‘ಕ್ಯಾಪ್ಟನ್’ ಅಂತ ಪರಿಚಯ ಮಾಡಿಕೊಂಡರೆ, ಅವರು ಸೇನೆಯ ಮೂರು ನಕ್ಷತ್ರದ ಕ್ಯಾಪ್ಟನ್‌ಗೆ ಸಮ ಅಲ್ಲ, ಕರ್ನಲ್‌ಗೆ ಸಮ.