ನಾರ್ಡ್‌ಕಾಪ್ ಮತ್ತು ಪೇಡರ್ ಬಾಲ್ಕೆಯ ಬೆರಳುಗಳು

ಈಗ ನೀವು ನೋಡುತ್ತಿರುವ ಈ ಕಪ್ಪು ಬಂಡೆಯೇ ನಾರ್ಡ್‌ಕಾಪ್. ನಾರ್ವೆಯ ಉತ್ತರದ ಅಂಚಿನಲ್ಲಿ, ಸಮುದ್ರದಿಂದ ನೆಟ್ಟಗೆ 307 ಮೀಟರ್ ಎದ್ದು ನಿಂತಿದೆ. ಇಲ್ಲಿಂದಾಚೆಗೆ ಸ್ವಾಲ್ಬಾರ್ಡ್ ದ್ವೀಪಗಳನ್ನು ಬಿಟ್ಟರೆ ಧ್ರುವದ ತನಕ ನೀರು, ಮಂಜುಗಡ್ಡೆ. ಬಸ್ಸಿನಲ್ಲಿ ಜೊತೆಗೆ ಬಂದವರು ಬಂಡೆಯ ತುದಿಯಲ್ಲಿರುವ ಲೋಹದ ಗೋಳದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ನನ್ನನ್ನು ಇಲ್ಲಿಗೆ ಕರೆತಂದವನು ನಾರ್ವೆಯ ಒಬ್ಬ ಚಿತ್ರಕಾರ.

ಅವನ ಹೆಸರು ಪೇಡರ್ ಬಾಲ್ಕೆ. 1804ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ಗೋಡೆಗಳಿಗೆ ಬಣ್ಣ ಹಚ್ಚಿ, ಅಲಂಕಾರ ಬರೆದು ಕುಂಚ ಹಿಡಿಯಲು ಕಲಿತವನು. 1832ರ ಬೇಸಿಗೆಯಲ್ಲಿ, 27ರ ಹರೆಯದಲ್ಲಿ, ಕರಾವಳಿಗುಂಟ ಇಲ್ಲಿಯವರೆಗೆ ಬಂದ. ಇಲ್ಲಿಂದ ಪೂರ್ವದ ವಾರ್ಡೋ ಕಡೆಗೂ ಹೋದ. ಆಗ ಇಲ್ಲಿಗೆ ರಸ್ತೆಯೇ ಇರಲಿಲ್ಲ. ನಾರ್ಡ್‌ಕಾಪ್ ಇರುವ ಈ ದ್ವೀಪಕ್ಕೆ ಸಮುದ್ರದಡಿಯ ಸುರಂಗ ತೆರೆದದ್ದೇ 1999ರಲ್ಲಿ. ಆ ಕಾಲದ ಚಿತ್ರಕಾರರು ಬೆಳಕನ್ನು ಹುಡುಕಿಕೊಂಡು ಇಟಲಿಗೆ ಹೋಗುತ್ತಿದ್ದರೆ ಬಾಲ್ಕೆ ಉತ್ತರಕ್ಕೆ ಮುಖ ಮಾಡಿದ. ಮತ್ತೆಂದೂ ಅವನು ಇತ್ತ ಬರಲಿಲ್ಲ. ಆದರೆ ಆ ಒಂದು ಬೇಸಿಗೆಯನ್ನು ಮುಪ್ಪಿನವರೆಗೂ ಚಿತ್ರಿಸಿದ.

ಅವನ ಬದುಕಿನ ಒಂದು ಪ್ರಸಂಗವನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ತೃಪ್ತಿಯಿಲ್ಲ. 1840ರ ದಶಕದಲ್ಲಿ ಬಾಲ್ಕೆ ಪ್ಯಾರಿಸ್ಸಿಗೆ ಹೋಗಿ ದೊರೆ ಲೂಯಿ ಫಿಲಿಪ್‌ನನ್ನು ಕಂಡ. ಈ ದೊರೆ ತನ್ನ ಯೌವನದಲ್ಲಿ, ಫ್ರಾನ್ಸಿನ ಕ್ರಾಂತಿಗೆ ಹೆದರಿ ದೇಶಾಂತರ ಅಲೆಯುತ್ತಿದ್ದಾಗ, 1795ರಲ್ಲಿ ಇದೇ ನಾರ್ಡ್‌ಕಾಪ್‌ಗೆ ಬಂದಿದ್ದ! ಅರ್ಧ ಶತಮಾನ ಕಳೆದ ಮೇಲೆ ಅದೇ ಬಂಡೆಗಳನ್ನು ಕಂಡ ಬಡವನೊಬ್ಬ ಅವನೆದುರು ತೈಲಚಿತ್ರಗಳ ಕರಡುಗಳನ್ನು ಹರಡಿ ನಿಂತ. ದೊರೆ ದೊಡ್ಡ ಚಿತ್ರಗಳನ್ನು ಬರೆದುಕೊಡಲು ಹೇಳಿದ. ಆದರೆ 1848ರ ಕ್ರಾಂತಿ ಸಿಂಹಾಸನವನ್ನೇ ಉರುಳಿಸಿತು, ಬಾಲ್ಕೆಯ ಭಾಗ್ಯವೂ ಅಲ್ಲಿಗೆ ಮುಗಿಯಿತು. ಆ ಕರಡುಗಳಲ್ಲಿ ಹಲವು ಇಂದಿಗೂ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿವೆ.

ತಾಯ್ನಾಡಿನಲ್ಲೂ ಅವನ ಚಿತ್ರಗಳನ್ನು ಕೊಳ್ಳುವವರಿರಲಿಲ್ಲ. ಆತ ರಾಜಧಾನಿಯ ಹೊರವಲಯದಲ್ಲಿ ಕಾರ್ಮಿಕರಿಗಾಗಿ ಬಾಲ್ಕೆಬಿ ಎಂಬ ಬಡಾವಣೆ ಕಟ್ಟಲು ಹೊರಟ, ಸಮಾಜದ ಕೆಲಸದಲ್ಲಿ ಮುಳುಗಿದ. ಬಿಡುವಾದಾಗ ತನ್ನ ಸಂತೋಷಕ್ಕೆಂದು ಅಂಗೈಯಗಲದ ಹಲಗೆಗಳ ಮೇಲೆ ಉತ್ತರದ ಸಮುದ್ರವನ್ನು ಬರೆದ. ನನ್ನ ಪ್ರಕಾರ ದೊರೆಗೆಂದು ಬರೆದ ಯಾವುದೂ ಇವುಗಳ ಸಮಕ್ಕೆ ಬರುವುದಿಲ್ಲ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿ ಅಂಥದ್ದೊಂದಿದೆ, ಬಿರುಗಾಳಿಯ ಚಿತ್ರ. ಸುಮಾರು 1862ರದ್ದು. ಅಗಲ 16.5 ಸೆಂಟಿಮೀಟರ್, ಎತ್ತರ ಬರೀ 12. ಅದರ ಮುಂದೆ ಬಗ್ಗಿ ನಿಂತು ನೋಡಿದ್ದೇನೆ. ಬಣ್ಣವೆಂದರೆ ಕಪ್ಪು, ಬಿಳುಪು, ನಡುವಿನ ಬೂದು, ಇಷ್ಟೇ. ತೆಳ್ಳಗೆ ಬಳಿದು, ಹಸಿಯಿರುವಾಗಲೇ ಒರೆಸಿ, ಎಳೆದು ಅಲೆಗಳನ್ನು ಎಬ್ಬಿಸಿದ್ದಾನೆ. ಕುಂಚ ಸಾಲದಾದಾಗ ಬಾಲ್ಕೆ ಬೆರಳುಗಳನ್ನೇ ಬಳಸುತ್ತಿದ್ದ.

ಇಲ್ಲಿ ನಿಂತ ಮೇಲೆ ನನಗೆ ಆ ಚಿತ್ರ ಇನ್ನಷ್ಟು ಅರ್ಥವಾಗುತ್ತಿದೆ. ಗಾಳಿಯ ಸದ್ದು ನಿಮಗೂ ಕೇಳುತ್ತಿರಬೇಕು. ಕಣ್ಣಲ್ಲಿ ನೀರು ತುಂಬುತ್ತದೆ, ಮಂಜು ಕವಿಯುತ್ತದೆ, ತೆರೆದಾಗ ಬಂಡೆಯ ಕಪ್ಪು, ನೊರೆಯ ಬಿಳುಪು ಕಾಣುತ್ತವೆ, ಮತ್ತೆ ಮುಚ್ಚುತ್ತದೆ. ಬಿರುಕು, ಹುಲ್ಲು, ಕಲ್ಲುಗಳನ್ನು ಎಣಿಸಿ ಬರೆಯಲು ಈ ಜಾಗ ಬಿಡುವುದೇ ಇಲ್ಲ. ಮೂವತ್ತು ವರ್ಷಗಳ ಮರೆವು ಬಾಲ್ಕೆಯ ನೆನಪಿನಿಂದ ತೊಳೆದುಹಾಕಿದ್ದನ್ನೇ ಇಲ್ಲಿನ ಗಾಳಿ, ಮಂಜು ದಿನವೂ ಮರೆಮಾಚುತ್ತವೆ. ಹಾಗಾಗಿಯೇ ಊರಿನಲ್ಲಿ ಕುಳಿತು, ಕಣ್ಣೆದುರು ಏನೂ ಇಲ್ಲದೆ ಬರೆದ ಆ ಪುಟ್ಟ ಚಿತ್ರಗಳು ಇಷ್ಟೊಂದು ನಿಜವಾಗಿವೆ.

1887ರಲ್ಲಿ ತೀರಿಕೊಂಡಾಗ ಜನ ಅವನನ್ನು ಚಿತ್ರಕಾರನೆಂದು ಹೆಚ್ಚಾಗಿ ನೆನೆಯಲಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ. ಈಗ ಕಾಲ ಬದಲಾಗಿದೆ. ಟ್ರೊಮ್ಸೊದ ಉತ್ತರ ನಾರ್ವೆ ಕಲಾ ಸಂಗ್ರಹಾಲಯದಲ್ಲೂ ಅವನ ಕೃತಿಗಳಿವೆ. ಉತ್ತರದ ಬೆಳಕು (ಅರೋರಾ) ನೋಡಲು ಆ ಊರಿಗೆ ಹೋಗುವವರು ಹಗಲಿನಲ್ಲಿ ಒಂದು ಗಂಟೆ ಅಲ್ಲಿಗೆ ಮೀಸಲಿಡಿ. ಚಿತ್ರಗಳು ಚಿಕ್ಕವು, ಹತ್ತಿರ ಹೋಗಿ ನೋಡಿ.