ಎಬೋಲಾ ಲಸಿಕೆ: ಲ್ಯಾಬ್‌ನಿಂದ ತೋಳಿನವರೆಗೆ

[ದೃಶ್ಯ: ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ನಕ್ಷೆ]

ನಮಸ್ಕಾರ. 2014ರಿಂದ 2016ರ ನಡುವೆ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾಗೆ 11,000ಕ್ಕೂ ಹೆಚ್ಚು ಜನ ಸತ್ತರು. ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ಲಸಿಕೆ ಅಷ್ಟರಲ್ಲೇ ಇತ್ತು. ಕೆನಡಾದ ವಿನ್ನಿಪೆಗ್‌ನ ಸರ್ಕಾರಿ ಲ್ಯಾಬ್‌ನ ಈ ಲಸಿಕೆಯ ಒಂದೇ ಡೋಸ್ ಕೋತಿಗಳನ್ನು ಕಾಪಾಡುತ್ತದೆ ಎಂದು 2005ರಲ್ಲೇ ಪ್ರಕಟವಾಗಿತ್ತು. ರೋಗ ಹಬ್ಬಿದಾಗ ಮನುಷ್ಯರ ಮೇಲಿನ ಪರೀಕ್ಷೆ ಮಾತ್ರ ಇನ್ನೂ ಶುರುವಾಗಿರಲಿಲ್ಲ.

[ದೃಶ್ಯ: ವೈರಸ್ ಆನಿಮೇಷನ್]

ದನ, ಕುದುರೆಗಳ ಬಾಯಲ್ಲಿ ಗುಳ್ಳೆ ಎಬ್ಬಿಸುವ ವಿಎಸ್‌ವಿ ಎಂಬ ವೈರಸ್ ಇದೆ. ಅದರ ಮೇಲ್ಮೈ ಪ್ರೋಟೀನಿನ ಜೀನ್ ತೆಗೆದು, ಆ ಜಾಗಕ್ಕೆ ಎಬೋಲಾದ್ದನ್ನು ಕೂರಿಸಿದ್ದಾರೆ. ಪೂರ್ತಿ ಎಬೋಲಾ ವೈರಸ್ ಇಲ್ಲದ ಕಾರಣ ಲಸಿಕೆಯಿಂದ ರೋಗ ಬರುವುದಿಲ್ಲ. ಆದರೆ ಇದು ಜೀವಂತ ಲಸಿಕೆ. ಜ್ವರ, ಕೀಲುನೋವು ಬರಬಹುದು. ಜಿನೀವಾದಲ್ಲಿ ಕೀಲುನೋವು ಕಂಡಾಗ ಮನುಷ್ಯರ ಮೇಲಿನ ಟ್ರಯಲ್ ನಿಲ್ಲಿಸಿ, ಡೋಸ್ ಇಳಿಸಿ ಮತ್ತೆ ಆರಂಭಿಸಿದರು.

[ದೃಶ್ಯ: ಹಳ್ಳಿ, ರೋಗಿಯ ಮನೆಯ ಸುತ್ತ ವೃತ್ತ]

2015ರ ಮಾರ್ಚ್‌ನಲ್ಲಿ ಗಿನಿ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಗಡಿರಹಿತ ವೈದ್ಯರ ಸಂಸ್ಥೆ ಮತ್ತು ನಾರ್ವೆಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಸೇರಿ ರಿಂಗ್ ಟ್ರಯಲ್ ಶುರು ಮಾಡಿದವು. ಒಬ್ಬ ರೋಗಿ ಪತ್ತೆಯಾದ ಕೂಡಲೇ ಅವರ ಸಂಪರ್ಕದವರು, ಆ ಸಂಪರ್ಕದವರ ಸಂಪರ್ಕದವರು, ಎಲ್ಲರ ಪಟ್ಟಿ. ಅದೇ ಒಂದು ರಿಂಗ್. ಲಾಟರಿ ಎತ್ತಿ ಕೆಲವು ರಿಂಗ್‌ಗಳಿಗೆ ಅಂದೇ ಚುಚ್ಚುಮದ್ದು, ಉಳಿದವಕ್ಕೆ 21 ದಿನ ಬಿಟ್ಟು. ಸೋಂಕು ತಗುಲಿ ಲಕ್ಷಣ ಕಾಣಿಸಲು ಹೆಚ್ಚೆಂದರೆ ಅಷ್ಟು ದಿನ ಬೇಕು. ತೋಳಿನ ಸ್ನಾಯುವಿಗೆ 1 ಮಿ.ಲೀ., ಆಮೇಲೆ ಅರ್ಧ ಗಂಟೆ ನಿಗಾ. ಜುಲೈನಲ್ಲಿ ಮಧ್ಯಂತರ ಫಲಿತಾಂಶ ಬಂದದ್ದೇ ಲಾಟರಿ ಕೈಬಿಟ್ಟರು, ಎಲ್ಲ ರಿಂಗ್‌ಗಳಿಗೂ ತಕ್ಷಣ ಲಸಿಕೆ. ಅದು ಸರಿಯಾದ ತೀರ್ಮಾನ. ಒಟ್ಟು 5,837 ಜನ ಲಸಿಕೆ ಪಡೆದರು, 10 ದಿನ ಕಳೆದ ಮೇಲೆ ಅವರಲ್ಲಿ ಒಬ್ಬರಿಗೂ ಎಬೋಲಾ ಬರಲಿಲ್ಲ.

ಎಡವಟ್ಟಾಗುವುದು ಆ ಮೊದಲ 10 ದಿನಗಳಲ್ಲೇ. ಚುಚ್ಚಿಸಿಕೊಳ್ಳುವ ಮುಂಚೆಯೇ ಸೋಂಕು ತಗುಲಿದವರು ಕಾಯಿಲೆ ಬೀಳಬಹುದು. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ, ಸೂಜಿಯಿಂದಲೇ ರೋಗ ಬಂತು ಎನ್ನುವ ಮಾತು ಹಬ್ಬುತ್ತದೆ. ಆಗ ಜನ ಹೆಸರು ಕೊಡುವುದಿಲ್ಲ, ರಿಂಗ್ ತುಂಡಾಗುತ್ತದೆ.

[ದೃಶ್ಯ: ಶೀತಪೆಟ್ಟಿಗೆ]

ಇನ್ನೊಂದು ತಲೆನೋವು ತಂಪು. ಮೈನಸ್ 60ರಿಂದ ಮೈನಸ್ 80 ಡಿಗ್ರಿಯಲ್ಲಿಡಬೇಕು. ಕರಗಿದ ಮೇಲೆ 2ರಿಂದ 8 ಡಿಗ್ರಿಯಲ್ಲಿ ಎರಡು ವಾರವಷ್ಟೇ, ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಆರ್ಕ್‌ಟೆಕ್ ಎಂಬ ಪೆಟ್ಟಿಗೆ ಕರೆಂಟಿಲ್ಲದೆ ಸುಮಾರು ಐದು ದಿನ ಆ ಚಳಿ ಹಿಡಿದಿಡುತ್ತದೆ.

[ದೃಶ್ಯ: ಉಗಾಂಡಾ ನಕ್ಷೆ]

ಎಬೋಲಾದಲ್ಲಿ ಹಲವು ಪ್ರಭೇದಗಳಿವೆ. ಈ ಲಸಿಕೆ ಜೈರ್ ಪ್ರಭೇದಕ್ಕೆ ಮಾತ್ರ, ಸುಡಾನ್ ಪ್ರಭೇದಕ್ಕೆ ಆಗದು. 2022ರಲ್ಲಿ ಉಗಾಂಡಾಕ್ಕೆ ಸುಡಾನ್ ಪ್ರಭೇದದ ಪ್ರಾಯೋಗಿಕ ಲಸಿಕೆಗಳು ತಲುಪುವ ಹೊತ್ತಿಗೆ ಹೊಸ ರೋಗಿಗಳೇ ಇರಲಿಲ್ಲ. 2025ರ ಜನವರಿ 30ರಂದು ಅಲ್ಲಿ ಮತ್ತೆ ಅದೇ ಪ್ರಭೇದದ ರೋಗಸ್ಫೋಟ ಘೋಷಣೆಯಾಯಿತು, ಫೆಬ್ರವರಿ 3ಕ್ಕೇ ಕಂಪಾಲಾದಲ್ಲಿ ರಿಂಗ್ ಟ್ರಯಲ್ ಶುರು. ಡೋಸ್‌ಗಳು ಆಗಲೇ ಉಗಾಂಡಾದಲ್ಲಿದ್ದವು.