ಅಡಿಸನ್ ಮನೆ ಬಿಟ್ಟು ಹೋದಳು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ

[ಟೈಟಲ್‌ಗೆ ಮುಂಚೆ. ಕ್ಯಾಮೆರಾ ಮುಖದ ಹತ್ತಿರ.]

ರಾತ್ರಿ ಹೊತ್ತು. ಒಂದು ಆಸ್ಪತ್ರೆ. ಡ್ಯೂಟಿ ಮುಗಿಸಿದ ಹುಡುಗಿಯೊಬ್ಬಳು ಮನೆಗೆ ಹೊರಟಿದ್ದಾಳೆ. ಜೊತೆಗೆ ಅವಳ ಪ್ರಿಯಕರ, ಅವನೂ ಡಾಕ್ಟರ್. ಅಷ್ಟರಲ್ಲಿ ಉದ್ದ ಕೋಟು ತೊಟ್ಟ, ಕೆಂಪು ಕೂದಲಿನ ಹೆಂಗಸೊಬ್ಬಳು ಟಕ್ ಟಕ್ ಅಂತ ನಡೆದು ಬರುತ್ತಾಳೆ. ಅವನ ಮುಖ ಇಂಗು ತಿಂದ ಮಂಗನ ಹಾಗಾಗುತ್ತದೆ. ಅವಳು ಹುಡುಗಿಯ ಕಡೆ ಕೈ ಚಾಚಿ ತನ್ನ ಹೆಸರು ಹೇಳುತ್ತಾಳೆ. ಹೆಸರಿನ ಕೊನೆಗೆ ಅವನ ಮನೆತನದ ಹೆಸರು. ಹೆಂಡತಿ! ಸೀಸನ್ ಅಲ್ಲಿಗೆ ಮುಗಿಯಿತು. ಮುಂದೇನು ಅಂತ ತಿಳಿಯಲು ತಿಂಗಳುಗಟ್ಟಲೆ ಕಾಯಿರಿ.

ಇದು 2005ರ ಮೇ ತಿಂಗಳಲ್ಲಿ ಪ್ರಸಾರವಾದ ದೃಶ್ಯ. ನಾನು ನೋಡಿದ್ದು ಆಮೇಲೆ, ಗೆಳತಿಯ ಪೆನ್‌ಡ್ರೈವ್‌ನಲ್ಲಿ. ಆವತ್ತು ಆ ಹೆಂಗಸಿಗೆ ಹಾಕಿದ ಶಾಪ ಒಂದೆರಡಲ್ಲ. ಇನ್ನೆರಡು ಸೀಸನ್ ಕಳೆದು ಅವಳು ಊರು ಬಿಟ್ಟು ಹೊರಟಾಗ ಅತ್ತವಳೂ ನಾನೇ.

[ಟೈಟಲ್]

ನಮಸ್ಕಾರ. ಹೋದ ವಿಡಿಯೋ ಆದಮೇಲೆ ನರ್ಸಿಂಗ್ ಓದುತ್ತಿರುವ ಒಬ್ಬ ವೀಕ್ಷಕಿ ಮೆಸೇಜ್ ಕಳಿಸಿದ್ದರು. "ಅಕ್ಕಾ, ಗ್ರೇಸ್ ಅನಾಟಮಿ ನೋಡಿ ಮುಗಿಸಿದೆ. ಪ್ರೈವೇಟ್ ಪ್ರ್ಯಾಕ್ಟೀಸ್ ನೋಡಲಾ, ಬಿಡಲಾ?" ಹೌದು ಅಥವಾ ಬೇಡ ಅಂತ ಒಂದು ಪದದಲ್ಲಿ ಉತ್ತರ ಕೊಡಬಹುದಿತ್ತು. ಮೂರು ದಿನ ಯೋಚಿಸಿದೆ. ಆಗಲಿಲ್ಲ. ಅದಕ್ಕೇ ಈ ವಿಡಿಯೋ.

ಗೊತ್ತಿಲ್ಲದವರಿಗೆ ಬೇಗ ಬೇಗ ಹೇಳಿಬಿಡುತ್ತೇನೆ. ಗ್ರೇಸ್ ಅನಾಟಮಿ 2005ರಲ್ಲಿ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಶುರುವಾಯಿತು. ಬರೆದವರು ಶೋಂಡಾ ರೈಮ್ಸ್. ಸಿಯಾಟಲ್ ಊರಿನ ಆಸ್ಪತ್ರೆ, ಸರ್ಜರಿ ಕಲಿಯುವ ಹುಡುಗ ಹುಡುಗಿಯರು, ಲಿಫ್ಟ್‌ನಲ್ಲಿ ಪ್ರೇಮ. 20 ಸೀಸನ್ ದಾಟಿದೆ, ಇನ್ನೂ ನಿಂತಿಲ್ಲ. ನಾಯಕಿ ಮೆರೆಡಿತ್, ನಾಯಕ ಡೆರೆಕ್. ಆ ಕೋಟಿನ ಹೆಂಗಸು ಅಡಿಸನ್, ಪಾತ್ರ ಮಾಡಿದವರು ಕೇಟ್ ವಾಲ್ಷ್. ಕೆಲವೇ ಎಪಿಸೋಡ್‌ಗಳಿಗೆ ಅಂತ ಬಂದ ಖಳನಾಯಕಿ ಜನರಿಗೆ ಹಿಡಿಸಿಬಿಟ್ಟಳು. ಅವಳಿಗಾಗಿಯೇ 2007ರಲ್ಲಿ ಹೊಸ ಧಾರಾವಾಹಿ ಹುಟ್ಟಿತು, ಅದೇ ಪ್ರೈವೇಟ್ ಪ್ರ್ಯಾಕ್ಟೀಸ್. ಇಂಥದ್ದನ್ನು ಸ್ಪಿನ್‌ಆಫ್ ಅನ್ನುತ್ತಾರೆ. ನಾನು ಕವಲು ಅನ್ನುತ್ತೇನೆ, ಬಾಯಿಗೂ ಸುಲಭ. ಕಥೆಯ ಗುಟ್ಟು ಬೇಡ ಅನ್ನುವವರು ಇಲ್ಲೇ ಎದ್ದು ಹೋಗಿ ಕಾಫಿ ಮಾಡಿಕೊಳ್ಳಿ.

ಈಗ ನನ್ನ ಸಿಟ್ಟಿನ ವಿಷಯ. ಹೊಸ ಧಾರಾವಾಹಿ ಮಾಡುವಾಗ ಮೊದಲು ಒಂದು ಎಪಿಸೋಡ್ ತೆಗೆದು ಚಾನೆಲ್‌ನವರಿಗೆ ತೋರಿಸುತ್ತಾರೆ. ಅದು ಪೈಲಟ್. ಇಷ್ಟವಾದರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಡಬ್ಬಕ್ಕೆ. ಕವಲುಗಳಿಗೆ ಇನ್ನೊಂದು ಜಾಣ ದಾರಿ ಇದೆ, ಹಿತ್ತಲ ಬಾಗಿಲಿನ ಪೈಲಟ್. ಓಡುತ್ತಿರುವ ಧಾರಾವಾಹಿಯ ಎಪಿಸೋಡ್ ಒಳಗೇ ಹೊಸದನ್ನು ತುರುಕುವುದು. ಜನ ಹೇಗೂ ಟಿವಿ ಮುಂದೆ ಕೂತಿರುತ್ತಾರಲ್ಲ, ಹಾಗೇ ಇದನ್ನೂ ಬಡಿಸಿಬಿಡೋಣ ಅನ್ನುವ ಲೆಕ್ಕ.

ನಮ್ಮ ಕನ್ನಡ ಚಾನೆಲ್‌ಗಳ ಮಹಾಸಂಗಮ ನೆನಪಾಯಿತಲ್ವಾ? ಏಳು ಗಂಟೆಯ ಧಾರಾವಾಹಿಯ ಮದುವೆಗೆ ಏಳೂವರೆಯ ಧಾರಾವಾಹಿಯ ಇಡೀ ಮನೆಮಂದಿ ರೇಷ್ಮೆ ಉಟ್ಟು ಬರುತ್ತಾರೆ. ಈ ಮನೆಯ ವಿಲನ್ ಆ ಮನೆಯ ವಿಲನ್ ಜೊತೆ ಸಂಚು ಮಾಡುತ್ತಾಳೆ. ಆದರೆ ಸಂಗಮ ಮುಗಿದ ಮೇಲೆ ಅವರವರ ಮನೆಗೆ ಅವರವರು ಹೋಗುತ್ತಾರೆ. ಅಡಿಸನ್ ಹೋಗಲಿಲ್ಲ, ನೋಡಿ. 2007ರ ಮೇ 3ರಂದು ಎರಡು ಗಂಟೆಯ ಎಪಿಸೋಡ್ ಬಂತು. ಅವಳು ಲಾಸ್ ಏಂಜಲೀಸ್‌ಗೆ ಹಳೆಯ ಗೆಳತಿಯನ್ನು ನೋಡಲು ಹೋಗುತ್ತಾಳೆ. ಸಿಯಾಟಲ್‌ನಲ್ಲಿ ಮೆರೆಡಿತ್‌ಗೆ ಮನೆ ತುಂಬಾ ಕಷ್ಟ. ಅದನ್ನು ಕತ್ತರಿಸಿ ಕತ್ತರಿಸಿ ನಡುವೆ ಸಮುದ್ರ, ಬಿಸಿಲು, ಚಂದದ ಕ್ಲಿನಿಕ್ಕು. ಸಾವಿನ ಮನೆಯಲ್ಲಿ ಸೈಟ್ ಬ್ರೋಕರ್ ಬಂದು ಲೇಔಟ್ ನಕ್ಷೆ ಹರಡಿದ ಹಾಗಿತ್ತು.

ಧಾರಾವಾಹಿ ಸೆಪ್ಟೆಂಬರ್‌ನಲ್ಲಿ ಶುರುವಾದಾಗ ಆ ಗೆಳತಿ ನಯೋಮಿಯ ಪಾತ್ರದಲ್ಲಿ ಬೇರೆ ನಟಿ. ಮೇನಲ್ಲಿ ಮೆರಿನ್ ಡಂಗಿ, ಸೆಪ್ಟೆಂಬರ್‌ನಲ್ಲಿ ಆಡ್ರಾ ಮೆಕ್‌ಡೊನಾಲ್ಡ್. ಹೋಗಲಿ, ಕನ್ನಡ ಧಾರಾವಾಹಿ ನೋಡಿ ಬೆಳೆದ ನಮಗೆ "ಇನ್ನು ಮುಂದೆ ಇವರ ಪಾತ್ರದಲ್ಲಿ ಇವರು" ಹೊಸದೇನಲ್ಲ. ನನಗೆ ತಡೆಯಲಾಗದೆ ಹೋದದ್ದು ಅಡಿಸನ್‌ಗೆ ಮಾಡಿದ ಕೆಲಸ. ಸಿಯಾಟಲ್‌ನಲ್ಲಿ ಅವಳು ಒಳಗೆ ಬಂದರೆ ಕಾರಿಡಾರ್ ನೆಟ್ಟಗಾಗುತ್ತಿತ್ತು. ಹೊಟ್ಟೆಯಲ್ಲಿರುವ ಮಗುವಿಗೇ ಆಪರೇಷನ್ ಮಾಡುವ ಡಾಕ್ಟರ್ ಅವಳು! ಅಂಥವಳನ್ನು ಹೊಸ ಧಾರಾವಾಹಿ ಹೇಗೆ ಸ್ವಾಗತಿಸಿತು? ಹೊಸ ಮನೆಯಲ್ಲಿ ಬಟ್ಟೆ ಇಲ್ಲದೆ ಕುಣಿಯುತ್ತಾಳೆ, ಪಕ್ಕದ ಮನೆಯವನು ನೋಡುತ್ತಾನೆ, ಅವನು ಕ್ಲಿನಿಕ್‌ನಲ್ಲಿ ಪಾಲುದಾರ. ನಗಬೇಕಂತೆ. ನನಗೆ ನಗು ಬರಲಿಲ್ಲ.

[ಕಟ್. ಅಡುಗೆಮನೆ. ತಟ್ಟೆಯಲ್ಲಿ ಎರಡು ರವೆ ಇಡ್ಲಿ.]

ಇಲ್ಲಿ ಸ್ವಲ್ಪ ತಾಳ್ಮೆ ಇರಲಿ, ನಾನು ಇಡ್ಲಿಗೆ ಬರುತ್ತೇನೆ.

ಬೆಂಗಳೂರಿನವರಿಗೆ ಈ ಅನುಭವ ಆಗಿಯೇ ಇರುತ್ತದೆ. ಹಳೆಯ ಬಡಾವಣೆಯಲ್ಲಿ ಒಂದು ಹೋಟೆಲ್, ನೀವು ಚಿಕ್ಕವರಿದ್ದಾಗಿಂದ ಹೋಗುತ್ತಿರುತ್ತೀರಿ. ಒಂದು ದಿನ ಅದೇ ಹೆಸರಿನ ಬೋರ್ಡ್ ರಿಂಗ್ ರೋಡ್ ಆಚೆ ಕಾಣುತ್ತದೆ. ಖುಷಿಯಿಂದ ನುಗ್ಗುತ್ತೀರಿ. ಅದೇ ಮೆನು. ಅದೇ ಮಸಾಲೆ ದೋಸೆ. ಎಸಿ ಬೇರೆ. ಒಂದು ತುತ್ತು ಚಟ್ನಿ ಬಾಯಿಗೆ ಇಟ್ಟರೆ, ಏನೋ ಸರಿ ಇಲ್ಲ. ಉಪ್ಪು ಸರಿ ಇದೆ, ಖಾರ ಸರಿ ಇದೆ, ಆದರೂ ಇದು ಅದಲ್ಲ. ನಾನು ಅಂಥ ಒಂದು ಹೋಟೆಲಿಗೆ ಹೋಗಿ, ಎರಡನೇ ಸಲ ಸಾಂಬಾರ್ ಹಾಕಿಸಿಕೊಂಡು, ಪೂರ್ತಿ ತಿಂದು, ಹೊರಗೆ ಬಂದು ಬೈದಿದ್ದೇನೆ. ಹೆಸರು ಹೇಳಲ್ಲ. ಪ್ರೈವೇಟ್ ಪ್ರ್ಯಾಕ್ಟೀಸ್‌ನ ಮೊದಲ ಸೀಸನ್ ಕೂಡ ಹಾಗೇ, ಬ್ರ್ಯಾಂಚ್ ಹೋಟೆಲ್.

ಈಗ ಈ ತಟ್ಟೆ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು. ಇಡ್ಲಿಗೆ ಅಕ್ಕಿ ಇಲ್ಲ. ಆಗ ರವೆ ಹಾಕಿ ನೋಡಿದೆವು, ಅದೇ ರವೆ ಇಡ್ಲಿ ಆಯಿತು ಅಂತ ಎಂಟಿಆರ್‌ನವರು ಹೇಳುತ್ತಾರೆ. 1924ರಿಂದ ನಡೆದು ಬಂದ ಹೋಟೆಲ್, ಅವರ ಮಾತಿಗೆ ತೂಕ ಇದೆ. ಅಂದರೆ ರವೆ ಇಡ್ಲಿ ಹುಟ್ಟಿದ್ದೇ ಕೊರತೆಯಿಂದ, ಇಡ್ಲಿಯ ಜಾಗ ತುಂಬಲು. ರುಬ್ಬುವುದಿಲ್ಲ, ರಾತ್ರಿಯೆಲ್ಲ ಹುಳಿ ಬರಿಸುವುದಿಲ್ಲ. ಮೊಸರಿನಲ್ಲಿ ರವೆ ಕಲಸಿ, ಸಾಸಿವೆ ಒಗ್ಗರಣೆ ಕೊಟ್ಟು, ಮೇಲೊಂದು ಗೋಡಂಬಿ ಒತ್ತಿ ಬೇಯಿಸುತ್ತೀರಿ. ಹಬೆ ಪಾತ್ರೆ ಮಾತ್ರ ಅದೇ. ಆದರೆ ಇದಕ್ಕೆ ಸಾಂಬಾರ್ ಯಾರೂ ಕೇಳುವುದಿಲ್ಲ. ಸಾಗು ಬೇಕು, ಮೇಲೆ ತುಪ್ಪ ಬೇಕು. ರವೆ ಇಡ್ಲಿ ತಿಂದು "ಛೇ, ಇದು ಇಡ್ಲಿ ಹಾಗಿಲ್ಲ" ಅಂದವರನ್ನು ನಾನಂತೂ ನೋಡಿಲ್ಲ. ಅದು ಇಡ್ಲಿ ಹಾಗೆ ಇರಲು ಹೋಗುವುದೇ ಇಲ್ಲವಲ್ಲ.

[ಒಂದು ತುತ್ತು. ಎಡಿಟರ್ ಇದನ್ನು ಕತ್ತರಿಸಬೇಕು ಅಂದಿದ್ದಾರೆ. ಕತ್ತರಿಸಬೇಡಿ.]

ಮೊದಲ ಸೀಸನ್ ಒಂಬತ್ತೇ ಎಪಿಸೋಡ್‌ಗೆ ನಿಂತಿತು. ಹಾಲಿವುಡ್ ಬರಹಗಾರರ ಮುಷ್ಕರ ಬಂದಿತ್ತು. ಇದೂ ಒಂಥರಾ ಕೊರತೆಯೇ. ಅದು ಮುಗಿದು ವಾಪಸ್ ಬಂದಮೇಲೆ ಬರಹಗಾರರಿಗೆ ಒಂದು ವಿಷಯ ಅರ್ಥವಾದ ಹಾಗಿದೆ. ಇದು ಆಸ್ಪತ್ರೆ ಅಲ್ಲ, ಕ್ಲಿನಿಕ್. ಆಸ್ಪತ್ರೆಯಲ್ಲಿ ಆ್ಯಂಬುಲೆನ್ಸ್ ಬರುತ್ತದೆ, ಎಲ್ಲರೂ ಓಡುತ್ತಾರೆ. ಕ್ಲಿನಿಕ್‌ಗೆ ಜನ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬರುತ್ತಾರೆ, ಕೂರುತ್ತಾರೆ, ಮಾತಾಡುತ್ತಾರೆ, ಮುಂದಿನ ವಾರ ಮತ್ತೆ ಬರುತ್ತಾರೆ. ಹಾಗಾಗಿ ಇಲ್ಲಿ ಕಥೆ ಅಂದರೆ ಓಟ ಅಲ್ಲ, ಜಗಳ. ಈ ಚಿಕಿತ್ಸೆ ಕೊಡಬಹುದಾ? ರೋಗಿಯ ಗುಟ್ಟನ್ನು ಗಂಡನಿಗೆ ಹೇಳಬಹುದಾ? ಮಕ್ಕಳ ಡಾಕ್ಟರ್ ಒಂದು ಹೇಳುತ್ತಾನೆ, ಮನೋವೈದ್ಯೆ ಇನ್ನೊಂದು ಹೇಳುತ್ತಾಳೆ, ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರೂ ಮುಖ ಊದಿಸಿಕೊಂಡು ಕೂತಿರುತ್ತಾರೆ.

ನಾಲ್ಕನೇ ಸೀಸನ್, 2010ರ ನವೆಂಬರ್. ಷಾರ್ಲೆಟ್ ಅನ್ನುವ ಡಾಕ್ಟರ್ ಮೇಲೆ ಅತ್ಯಾಚಾರ ನಡೆಯುತ್ತದೆ. ಬಿರುಸು ಮಾತಿನ, ಯಾರಿಗೂ ಬಗ್ಗದ ಹೆಂಗಸು ಅವಳು. ಕಳ್ಳತನ ಮಾಡಲು ಬಂದವನು ಹೊಡೆದ ಅಂತ ಎಲ್ಲರಿಗೂ ಹೇಳುತ್ತಾಳೆ. ನಿಜ ಗೊತ್ತಿರುವುದು ಅಡಿಸನ್‌ಗೆ ಮಾತ್ರ, ಯಾಕಂದರೆ ಪರೀಕ್ಷೆ ಮಾಡಿದವಳು ಅವಳು. ಬೇರೆಯವರಿಗೆ ಹೇಳುವ ಹಾಗಿಲ್ಲ. ಸುಮ್ನೆ ಪಕ್ಕದಲ್ಲಿ ನಿಲ್ಲಬೇಕು. ಸಿಯಾಟಲ್‌ನ ಆ ಕೋಟಿನ ಅಡಿಸನ್ ಕೈಲಿ ಈ ದೃಶ್ಯ ಆಗುತ್ತಿರಲಿಲ್ಲ ಅನ್ನಿಸಿತು ನನಗೆ. ಅವಳನ್ನು ಕೆಳಗಿಳಿಸಿದರು ಅಂತ ಮೂರು ಸೀಸನ್ ಬೈದವಳು ನಾನು. ಇಲ್ಲಿ ಬಾಯಿ ಮುಚ್ಚಿಕೊಂಡೆ.

ಹಾಗಂತ ಎಲ್ಲವನ್ನೂ ಕ್ಷಮಿಸಿಲ್ಲ. ಎರಡನೇ ಸೀಸನ್ ಕೊನೆಗೆ ಒಬ್ಬ ರೋಗಿ ಬಂದು ತನ್ನ ಮನೋವೈದ್ಯೆಯ ಹೊಟ್ಟೆ ಕೊಯ್ದು ಮಗು ಎತ್ತಿಕೊಂಡು ಹೋಗುತ್ತಾಳೆ. ರಾತ್ರಿ ಊಟ ಮಾಡುತ್ತಾ ನೋಡಿದ್ದು ನನ್ನ ತಪ್ಪು. ಆದರೂ!

ಅಯ್ಯೋ, ಹನ್ನೊಂದು ನಿಮಿಷ ಆಗಿಹೋಯಿತು. ಉಳಿದ ಕವಲುಗಳನ್ನೆಲ್ಲ ಒಟ್ಟಿಗೆ ಹೇಳಿಬಿಡುತ್ತೇನೆ. ನಮ್ಮ ದೇಶದ್ದೇ ಒಂದಿದೆ. ಸ್ಟಾರ್ ಪ್ಲಸ್‌ನ ಸಂಜೀವನಿ 2002ರಲ್ಲಿ ಬಂತು, ಅದೇ ಆಸ್ಪತ್ರೆಯ ಮುಂದಿನ ತಲೆಮಾರಿನ ಕಥೆಯಾಗಿ 2007ರಲ್ಲಿ ಸ್ಟಾರ್ ಒನ್‌ನಲ್ಲಿ ದಿಲ್ ಮಿಲ್ ಗಯೇ. ನಾಯಕಿ ರಿದ್ಧಿಮಾ ಪಾತ್ರವನ್ನು ಒಬ್ಬರಾದ ಮೇಲೆ ಒಬ್ಬರಂತೆ ಮೂವರು ನಟಿಯರು ಮಾಡಿದರು. ನನ್ನ ಗೆಳತಿಯರಲ್ಲಿ ಯಾರ ರಿದ್ಧಿಮಾ ಅಸಲಿ ಅಂತ ಇವತ್ತಿಗೂ ಪಂಗಡಗಳಿವೆ. ಗ್ರೇಸ್‌ನ ಇನ್ನೊಂದು ಕವಲು ಸ್ಟೇಷನ್ 19, 2018ರಿಂದ 2024ರವರೆಗೆ, ಅಗ್ನಿಶಾಮಕ ದಳದ್ದು. ಅದರಲ್ಲಿ ಒಬ್ಬ ಸರ್ಜರಿ ಓದುವುದನ್ನು ಅರ್ಧಕ್ಕೆ ಬಿಟ್ಟು ಫೈರ್ ಇಂಜಿನ್ ಹತ್ತುತ್ತಾನೆ. ನೀಟ್ ಕೋಚಿಂಗ್ ಫೀಸ್ ಕಟ್ಟಿದ ಯಾವ ಕನ್ನಡದ ಅಪ್ಪನಿಗೂ ಈ ಕಥೆ ಹೇಳಬೇಡಿ.

ಎಲ್ಲಕ್ಕಿಂತ ನನಗೆ ಇಷ್ಟ ಪೋರ್ಟ್ ಚಾರ್ಲ್ಸ್. 1963ರಿಂದ ಇವತ್ತಿಗೂ ನಡೆಯುತ್ತಿರುವ ಜನರಲ್ ಹಾಸ್ಪಿಟಲ್ ಅನ್ನುವ ಅಮೆರಿಕದ ಧಾರಾವಾಹಿಯ ಕವಲು ಅದು. 1997ರಲ್ಲಿ ಪಾಪ, ಇಂಟರ್ನ್‌ಗಳ ಕಥೆಯಾಗಿ ಶುರುವಾಯಿತು. 2003ರಲ್ಲಿ ಮುಗಿಯುವಷ್ಟರಲ್ಲಿ ಅದರಲ್ಲಿ ಏನಿತ್ತು ಗೊತ್ತಾ? ರಕ್ತ ಕುಡಿಯುವ ವ್ಯಾಂಪೈರ್‌ಗಳು. ನಿಜವಾಗಿ! ಆಸ್ಪತ್ರೆ ಧಾರಾವಾಹಿಯಲ್ಲಿ! ಬ್ಲಡ್ ಬ್ಯಾಂಕ್ ಹತ್ತಿರ ಇತ್ತಲ್ಲ, ಅನುಕೂಲ ಆಯಿತೇನೋ. ಇದರ ಮುಂದೆ ನನ್ನ ಅಡಿಸನ್ ಕುಣಿದದ್ದು ಏನೇನೂ ಅಲ್ಲ.

ಒಂದು ವಿಷಯ ಬಿಟ್ಟರೆ ಅಮೀಲಿಯಾ ಅಭಿಮಾನಿಗಳು ನನ್ನನ್ನು ಬಿಡುವುದಿಲ್ಲ. ಈಗ ಗ್ರೇಸ್ ನೋಡುವವರಿಗೆ ಡೆರೆಕ್‌ನ ತಂಗಿ ಅಮೀಲಿಯಾ ಅದೇ ಮನೆಯ ಹುಡುಗಿ ಅನ್ನಿಸುತ್ತದೆ. ಅವಳನ್ನು ಮೊದಲು ತೋರಿಸಿದ್ದು 2010ರಲ್ಲಿ, ಪ್ರೈವೇಟ್ ಪ್ರ್ಯಾಕ್ಟೀಸ್‌ನಲ್ಲಿ. ಅವಳ ಡ್ರಗ್ಸ್ ಚಟ, ಕಳೆದುಕೊಂಡ ಮಗು, ಎಲ್ಲ ನಡೆದಿದ್ದು ಅಲ್ಲಿಯೇ. 2014ರಲ್ಲಿ ಆ ನೋವಿನ ಗಂಟು ಹೊತ್ತುಕೊಂಡು ಸಿಯಾಟಲ್‌ಗೆ ಬಂದಳು. ಅವಳು ಯಾಕೆ ಹಾಗೆ ಸಿಡುಕುತ್ತಾಳೆ ಅಂತ ಕೇಳುವವರು ಕವಲನ್ನು ನೋಡಿಲ್ಲ ಅಂತ ನಾನು ತಕ್ಷಣ ಹೇಳಿಬಿಡುತ್ತೇನೆ.

ಹಾಗಾದರೆ ನರ್ಸಿಂಗ್ ತಂಗಿಗೆ ಉತ್ತರ: ನೋಡಿ. ಮೊದಲ ಒಂಬತ್ತನ್ನು ಪಾತ್ರೆ ತೊಳೆಯುತ್ತಾ ನೋಡಿ, ಎರಡನೇ ಸೀಸನ್‌ನಿಂದ ಕೂತು ನೋಡಿ. ಒಟ್ಟು 111 ಎಪಿಸೋಡ್, 2013ರ ಜನವರಿಯಲ್ಲಿ ಮುಗಿಯುತ್ತದೆ. ಮಗುವಾಗುವುದು ಕಷ್ಟ ಅಂತ ಆ ಮೊದಲ ಭೇಟಿಯಲ್ಲೇ ಗೆಳತಿಯಿಂದ ಕೇಳಿಸಿಕೊಂಡ ಅಡಿಸನ್, ಕೊನೆಗೆ ದತ್ತು ತೆಗೆದುಕೊಂಡ ಮಗನ ಜೊತೆ, ಮದುವೆ ಸೀರೆಯಲ್ಲಿ, ಕ್ಷಮಿಸಿ, ಗೌನ್‌ನಲ್ಲಿ ನಿಂತಿರುತ್ತಾಳೆ.

ಆಮೇಲೆ 2021. ಎಂಟು ವರ್ಷಗಳ ನಂತರ ಅವಳು ಮತ್ತೆ ಗ್ರೇಸ್‌ಗೆ ಬರುತ್ತಾಳೆ, ಅತಿಥಿಯಾಗಿ. ಏನು ಕೇಸ್ ಹಿಡಿದು ಬರುತ್ತಾಳೆ ಗೊತ್ತಾ? ಗರ್ಭಕೋಶದ ಕಸಿ. ಇದು ಕಟ್ಟುಕಥೆ ಅಲ್ಲ. ಕಸಿ ಮಾಡಿದ ಗರ್ಭಕೋಶದಿಂದ ಮೊದಲ ಮಗು ಹುಟ್ಟಿದ್ದು 2014ರಲ್ಲಿ, ಸ್ವೀಡನ್‌ನಲ್ಲಿ. 2017ರಲ್ಲಿ ಪುಣೆಯಲ್ಲಿ ಒಬ್ಬ ತಾಯಿಯ ಗರ್ಭಕೋಶವನ್ನು ಅವಳ ಮಗಳಿಗೇ ಕಸಿ ಮಾಡಿದರು.

ಆ ಎಪಿಸೋಡ್ ನಾನು ವಿಜಯನಗರದ ಮನೆಯಲ್ಲಿ ಅಮ್ಮನ ಜೊತೆ ನೋಡಿದೆ. ಚಳಿಗಾಲ, ಅಮ್ಮ ಮೊರದ ತುಂಬ ಅವರೆಕಾಳು ಇಟ್ಟುಕೊಂಡು ಹಿದುಕುತ್ತಿದ್ದರು. ಡೆರೆಕ್ 2015ರಲ್ಲೇ ಸತ್ತಿದ್ದಾನೆ. ಲಿಫ್ಟ್‌ನಲ್ಲಿ ಅಡಿಸನ್, ಮೆರೆಡಿತ್ ಇಬ್ಬರೇ. ಹಿಂದೆ ಗಂಡನಿಗಾಗಿ ಕಾದಾಡಿದವರು. ಅವನು ಇಲ್ಲ ಅಂತ ಅಡಿಸನ್ ಅಳುತ್ತಾಳೆ. ಅಮ್ಮನ ಕೈ ನಿಂತಿತು.

"ಇವಳು ಇನ್ನು ಇಲ್ಲೇ ಇರ್ತಾಳಾ?"

"ಇಲ್ಲಮ್ಮ, ಗೆಸ್ಟು. ಹೊರಟುಹೋಗ್ತಾಳೆ."

ಅಮ್ಮ ಒಂದು ಕಾಳು ಹಿದುಕಿದರು. ಸಿಪ್ಪೆ ಪಕ್ಕಕ್ಕೆ ಹಾಕಿದರು.

"ಅಷ್ಟು ದೂರದಿಂದ ಬಂದವಳಿಗೆ ಒಂದು ಬ್ಲೌಸ್ ಪೀಸಾದ್ರೂ ಕೊಟ್ಟು ಕಳಿಸಬಾರದಾ ಆ ಮೆರೆಡಿತ್ತು?"